ಬಾಗಿಲಂಚಿನ ರಬ್ಬರ್

"ಅಳತೆ ತಗೊಂಡು ವಾಪಸ್ ಕೊಟ್ಬಿಡಿ. ಇದರ ಒಂದು ಚೂರೂ ಹೊಸದಕ್ಕೆ ಸೇರಬಾರದು." ಮುದುಕಿ ಕಾರಿನ ಬಾಗಿಲಂಚಿನ ಹಳೇ ರಬ್ಬರ್ ಪಟ್ಟಿಯನ್ನು ಮೇಜಿನ ಮೇಲೆ ಬಿಸಾಡಿ, ಕೈಯನ್ನು ಬಟ್ಟೆಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು. "ನಾನು ಬಿಟ್ಟು ಹೋಗಬಾರದು ಅಂತ ನನ್ ಗಂಡ ಇದಕ್ಕೆ ಮಾಟ ಮಾಡಿಸಿದ್ದ. ಅವನು ಸತ್ತ. ಇದು ಸತ್ತಿಲ್ಲ."

ಶೆಡ್ಡಿನ ಯಜಮಾನನ ಅಳಿಯ ಹಲ್ಲುಕಿರಿದ. "ಮಾಟ ಇರ್ಲಿ ಅಜ್ಜಿ, ನೀರು ಸೋರತ್ತಾ ಹೇಳಿ."

ಶೆಡ್ಡು ಮಾವನದು. ಕಂಪನಿಗಳೇ ಕೈಬಿಟ್ಟ ಹಳೇ ಕಾರುಗಳ ರಬ್ಬರ್ ಭಾಗಗಳಿಗೆ ಅವನೊಬ್ಬನೇ ಗತಿ. ಅಲ್ಲೊಂದು ಕಟ್ಟಳೆಯಿತ್ತು: ಮಾದರಿಗೆಂದು ಬಂದ ಭಾಗ ಕೊಳೆತಿದ್ದರೂ ಸರಿ, ಅದರ ಯಜಮಾನರಿಗೇ ಹಿಂದಿರುಗಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಈ ಮಹಾಶಯನಿಗೆ ಮಾವನ ಮಾತೆಲ್ಲ ಗುಜರಿ. ಮಾವ ಊಟಕ್ಕೆ ಎದ್ದದ್ದೇ ತಡ, ಹೊಸ ಪಟ್ಟಿಗೆ ರಬ್ಬರ್ ಮಿಶ್ರಣ ಸಾಲದೆಂದು ಮುದುಕಿಯ ಪಟ್ಟಿಯನ್ನೇ ಕೊಚ್ಚಿ, ರಬ್ಬರ್ ಅರೆಯುವ ರೋಲರಿಗೆ ತುರುಕಿದ. ಕೊಚ್ಚಿದಲ್ಲಿ ಹಳದಿ ರಸ ಒಸರಿತು. ಕೀವಿನ ನಾತ. ಮೂಗಿಗೆ ತಿಳಿದದ್ದು ತಲೆಗೆ ತಿಳಿಯಲಿಲ್ಲ.

ಅಚ್ಚಿನಿಂದ ಬಂದ ಹೊಸ ಪಟ್ಟಿ ಎಷ್ಟು ಹೊತ್ತಾದರೂ ಆರಲಿಲ್ಲ. ಒಸಡಿನಂತೆ ನುಣುಪು, ಜೊಲ್ಲಿನಂತೆ ಅಂಟು.

ಪಟ್ಟಿಯನ್ನು ಶೆಡ್ಡಿನ ಕಾರಿಗೆ ಕೂರಿಸಿ, ಒಳಗೊಬ್ಬರು ಕೂತು, ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆದು ಸೋರುತ್ತದೋ ನೋಡುವುದು ಪದ್ಧತಿ. ಬುತ್ತಿ ತಂದಿದ್ದ ಹೆಂಡತಿಯನ್ನೇ ಒಳಗೆ ಕೂರಿಸಿದ.

"ಬೇಗ ಮುಗಿಸ್ರೀ. ಯಾರದೋ ಬಾಯೊಳಗೆ ಕೂತ ಹಾಗಿದೆ."

"ನಿನ್ನ ಬಾಯಿಗಿಂತ ದೊಡ್ಡದಾ?" ಎಂದು ಬಾಗಿಲು ದೂಡಿದ.

ಪಚಕ್ಕೆಂದು ಮುಚ್ಚಿಕೊಂಡಿತು.

ನೀರು ಹೊಡೆದ. ಒಂದು ಹನಿಯೂ ಸೋರಲಿಲ್ಲ. ಬೀಗುತ್ತ ಬಾಗಿಲೆಳೆದ. ಬರಲಿಲ್ಲ. ಪಟ್ಟಿ ಉಬ್ಬುತ್ತಿತ್ತು. ತೊಗಲಾಗಿ ಹರಡಿ ಗಾಜುಗಳನ್ನೂ ಆಚೆ ಬಾಗಿಲನ್ನೂ ಕವಿಯುತ್ತಿತ್ತು. ಒಳಗೆ ಕತ್ತಲು. "ರೀ... ಗಾಳಿ ಇಲ್ಲ ರೀ." ಸುತ್ತಿಗೆ ಬೀಸಿದ. ತೊಗಲು ಪೆಟ್ಟನ್ನು ನುಂಗಿತು. ಚಾಕು ಹಾಕಿದ. ಕೊಯ್ದಲ್ಲೇ ಕೂಡಿಕೊಂಡಿತು.

ಕೂಗು ಕೇಳಿ ಮಾವ ಓಡಿಬಂದ. "ಅಜ್ಜಿಯ ಹಳೇ ಪಟ್ಟಿ ಎಲ್ಲೋ?"

ಅಳಿಯ ರೋಲರಿನತ್ತ ನೋಡಿದ. ಮಾವನಿಗೆ ಅಷ್ಟೇ ಸಾಕಾಯಿತು.

"ಕಟ್ಟಳೆ ಸುಮ್ನೆ ಮಾಡಿದ್ದಾ? ಇದು ಕಬ್ಬಿಣಕ್ಕೆ ಬಗ್ಗಲ್ಲ. ಬೆರೆಸಿದೋನೇ ತಿನ್ಬೇಕು. ತಿನ್ನು, ನನ್ ಮಗಳು ಸಾಯ್ತಿದಾಳೆ."

ಬಾಯಿ ಹಾಕಿದ. ಕಚ್ಚಿದ. ಕೀವು. ಕೂದಲು. ಯಾರದೋ ಉಗುರು. ನುಂಗಿದ. ಕಾರಿದ. ಕಾರಿದ್ದರ ಮೇಲೇ ಮತ್ತೆ ಕಚ್ಚಿದ. ಒಳಗಿನ ಬಡಿತ ನಿಂತಿತು. ಕಚ್ಚಿದ. ಎಳೆದ. ಬಾಗಿಲು ಕಿತ್ತುಬಂತು.

ಹೆಂಡತಿ ಉರುಳಿ ಹೊರಬಿದ್ದು, ಗೊರಗೊರ ಉಸಿರೆಳೆದಳು. "ಉಗೀರಿ. ಮೊದ್ಲು ಅದನ್ನ ಉಗೀರಿ."

ಉಗಿಯಲು ಹೋದ. ತುಟಿ ಬಿಡಲಿಲ್ಲ. ತಡವಿದ. ತುಟಿಯಿದ್ದ ಜಾಗದಲ್ಲಿ ಬೆಚ್ಚನೆಯ, ನುಣ್ಣನೆಯ ಕಪ್ಪು ಅಂಚು. ಒಳಗಿನಿಂದ ಉಕ್ಕಿದ ವಾಂತಿ ದಾರಿ ಕಾಣದೆ ಗಂಟಲಿಗೇ ಮರಳಿತು. ಕಣ್ಣಲ್ಲೇ ಅಂಗಲಾಚಿದ.

ಅವಳಿಗೆ ಅರ್ಥವಾಯಿತು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಆ ಅಂಚನ್ನು ಕಚ್ಚಿ ಬಿಡಿಸಲು ಹಲ್ಲು ಬಿಟ್ಟು ಬಾಗಿದಳು. ನಾತ ಬಡಿಯಿತು. ಅಂಚು ಅವಳತ್ತ ಮೆಲ್ಲಗೆ ಚಾಚಿಕೊಂಡಿತು.

ಕೈ ಬಿಟ್ಟಳು. ಒಂದೊಂದೇ ಹೆಜ್ಜೆ ಹಿಂದೆ ಸರಿದು, ಅಪ್ಪನ ಬೆನ್ನ ಹಿಂದೆ ಹೋಗಿ ನಿಂತು, ಮೂಗು ಮುಚ್ಚಿಕೊಂಡಳು.