ಡಾಕ್ಟರಿಗೆ ಹೇಳದ ಕಷಾಯ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ವೈದ್ಯಕೀಯ ಓದಿದವಳಲ್ಲ. ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದವಳು. ಇನ್ನೊಬ್ಬರ ರೋಗದ ಬಗ್ಗೆ, ಅದರಲ್ಲೂ ಇನ್ನೊಬ್ಬರ ಪ್ರೀತಿಯ ಬಗ್ಗೆ ಬರೆಯಲು ನಾನ್ಯಾರು ಎಂದು ಎಷ್ಟೋ ಸಲ ಅನ್ನಿಸಿ, ಬರೆದದ್ದನ್ನು ಅಳಿಸಿದ್ದೇನೆ. ಆದರೂ ಗೌತಮಿಯ ಕಥೆ ಮನಸ್ಸಿನಿಂದ ಹೋಗುತ್ತಿಲ್ಲ. ತಪ್ಪಿದ್ದರೆ ದಯವಿಟ್ಟು ಮನ್ನಿಸಿ...

ಒಂಟಿಕೊಪ್ಪಲಿನ ಆ ಹಳೆಯ ಮನೆಯ ಬಾಗಿಲಲ್ಲಿ ನಿಂತಾಗ ಗೌತಮಿಯ ಕೈ ತಣ್ಣಗಾಗಿತ್ತು.

ಪಕ್ಕದಲ್ಲಿ ವಿಶ್ರುತ್ ಇದ್ದ. ಮನೆಯ ರಿಪೇರಿಗೆ ನಕ್ಷೆ ಮಾಡಿಸಲು ಅವಳು ಕೆಲಸ ಮಾಡುವ ಬೋಗಾದಿಯ ಕಚೇರಿಗೆ ಬಂದವನು, ನಕ್ಷೆ ಮುಗಿದ ಮೇಲೂ ಏನಾದರೊಂದು ನೆಪ ಹೇಳಿ ಬರುತ್ತಲೇ ಇದ್ದ. ಎರಡು ವರ್ಷದ ಪ್ರೀತಿ. ಇವತ್ತು ಮೊದಲ ಬಾರಿಗೆ ಅವನ ಅಮ್ಮನ ಎದುರು!

ಬಾಗಿಲು ತೆರೆಯಿತು.

ಚೂಡಾಮಣಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ಅರಮನೆಯಲ್ಲಿ ಪಂಡಿತರಾಗಿದ್ದವರ ಮೊಮ್ಮಗಳು. ಮಾತು ಮೃದು, ನೋಟ ಮಾತ್ರ ಚೂಪು.

"ಬಾಮ್ಮ, ಕೂತ್ಕೋ. ಜಾತಿ ಗೀತಿ ಅಂತ ನಾನು ಮಾತಾಡಲ್ಲ. ಮಾತಾಡಿದ್ರೂ ಇವನು ಕೇಳಲ್ಲ, ಬಿಡು."

ಗೌತಮಿ ತಲೆ ತಗ್ಗಿಸಿದಳು.

"ಆದ್ರೆ... ಈ ವಯಸ್ಸಿಗೇ ಮೈ ಸ್ವಲ್ಪ ಜಾಸ್ತಿ ಆಯ್ತಲ್ವೇನಮ್ಮ?"

"ಅಮ್ಮಾ!" ಎಂದು ವಿಶ್ರುತ್ ಸಿಡುಕಿದ.

ಗೌತಮಿಗೆ ಕೋಪ ಬರಲಿಲ್ಲ. ವಿಚಿತ್ರವೆಂದರೆ, ಅವಳಿಗೆ ಸಮಾಧಾನವಾಯಿತು!

'ಜಾತಿ ಬದಲಿಸೋಕಾಗಲ್ಲ. ತೂಕ ಇಳಿಸಬಹುದು...'

ಅಂದಿನಿಂದ ಶುರುವಾಯಿತು. ರಾತ್ರಿಯ ಊಟ ನಿಂತಿತು. ಮುದ್ದೆ ಅರ್ಧವಾಗಿ, ಕಾಲಾಗಿ, ಕೊನೆಗೆ ತಟ್ಟೆಯಿಂದಲೇ ಮಾಯವಾಯಿತು. ಬೆಳಗ್ಗೆ ಎದ್ದು ಕುಕ್ಕರಹಳ್ಳಿ ಕೆರೆಯ ಸುತ್ತ ಓಟದಂಥ ನಡಿಗೆ.

"ಎಂಗಿದ್ದೋಳು ಎಂಗಾಗೋದೆ ಮಗಾ! ಗಾಳಿ ಬಂದ್ರೆ ಆರೋಯ್ತೀಯ ಕನಾ," ಎಂದು ಅವ್ವ ಪುಟ್ಟಬಸಮ್ಮ ಗೊಣಗುತ್ತಿದ್ದಳು.

"ಆರೋದ್ರೆ ಒಂಟಿಕೊಪ್ಪಲಲ್ಲೇ ಬೀಳ್ತೀನಿ ಬುಡವ್ವ!" ಎಂದು ಗೌತಮಿ ನಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಚೂಡಿದಾರಗಳೆಲ್ಲ ಜೋತುಬಿದ್ದವು. ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ಆದರೆ ಅವಳಿಗೆ ಬೇಕಾಗಿದ್ದ ಹೊಗಳಿಕೆ ಒಂದು ಮುಂಜಾನೆ ಸ್ಟೀಲ್ ಫ್ಲಾಸ್ಕಿನಲ್ಲಿ ಬಂತು.

"ಅಮ್ಮ ಕಳ್ಸಿದಾರೆ," ಎಂದ ವಿಶ್ರುತ್. ಅವನು ಕೆಲಸ ಮಾಡುವ ಗ್ರಂಥಾಲಯಕ್ಕೆ ಅವಳ ಕಚೇರಿಯ ಮುಂದೆಯೇ ಹಾದುಹೋಗಬೇಕು. "ಹಿತ್ತಲಿನ ಅಮೃತಬಳ್ಳಿ ಕಷಾಯ. 'ಹುಡುಗಿ ಇಷ್ಟು ಇಳಿದುಬಿಟ್ಟಿದಾಳೆ, ಶಕ್ತಿ ಬೇಡ್ವಾ' ಅಂತ ಅವರೇ ಕುದಿಸಿದ್ದು!"

ಅಮ್ಮನ ಕೈಯಾರೆ! ಮಡಿಯುಟ್ಟು ಅಡುಗೆ ಮಾಡುವ ಆ ಮನೆಯ ಒಲೆಯಿಂದ ತನಗಾಗಿ!

ಬೇವಿಗಿಂತ ಕಹಿಯಾಗಿತ್ತು. ಗೌತಮಿ ಒಂದು ಹನಿಯನ್ನೂ ಬಿಡದೆ ಕುಡಿದಳು. ಕಣ್ಣಲ್ಲಿ ನೀರು ಬಂದದ್ದು ಕಹಿಗೋ, ಖುಷಿಗೋ ಅವಳಿಗೇ ತಿಳಿಯಲಿಲ್ಲ.

ಅಂದಿನಿಂದ ದಿನವೂ ಫ್ಲಾಸ್ಕ್ ಬರತೊಡಗಿತು. ಆ ಹೊತ್ತಿಗೇ ಸುಸ್ತೂ ಬಂತು...

ತೂಕ ಇಳಿದದ್ದಕ್ಕೆ ಸುಸ್ತು ಎಂದುಕೊಂಡಳು. ಕಚೇರಿಯಲ್ಲಿ ಆರೋಗ್ಯ ತಪಾಸಣೆ ನಡೆದಾಗ ರಕ್ತ ಕೊಟ್ಟು ಮರೆತೂಬಿಟ್ಟಳು. ಸಂಜೆ ಮೊಬೈಲಿಗೆ ವರದಿ ಬಂತು. ಲಿವರ್ ಎಂಬ ಭಾಗದಲ್ಲಿ ಎರಡು ಸಂಖ್ಯೆಗಳು ದಪ್ಪ ಅಕ್ಷರದಲ್ಲಿದ್ದವು. ನಲವತ್ತರ ಒಳಗೆ ಇರಬೇಕಾದದ್ದು ಇನ್ನೂರನ್ನು ದಾಟಿತ್ತು!

ಗೌತಮಿ ವರದಿಯನ್ನು ಮತ್ತೊಮ್ಮೆ ಓದಿದಳು.

ಅವಳ ಅಪ್ಪ ಮಂಟಯ್ಯ ಸತ್ತದ್ದೂ ಲಿವರ್‌ನಿಂದಲೇ. ಒಂದು ಹನಿ ಹೆಂಡ ಮುಟ್ಟದ ಮನುಷ್ಯ. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಹೋಗಿಬಿಟ್ಟ. ಆದರೂ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: 'ಕುಡ್ದು ಸತ್ತ.'

'ಅಪ್ಪನ ರೋಗ ನನಗೂ ಬಂತಾ...?'

ಕನ್ನಡಿಯ ಮುಂದೆ ನಿಂತು ಕಣ್ಣ ರೆಪ್ಪೆ ಎಳೆದು ನೋಡಿಕೊಂಡಳು. ಬಿಳಿ. ದೀಪ ಹಾಕಿ ಮತ್ತೆ ನೋಡಿದಳು. ಹಳದಿಯೇ? ದೀಪದ ಬಣ್ಣವೇ?

ಡಾಕ್ಟರ್ ಲಹರಿ ವರದಿಯನ್ನು ನಿಧಾನವಾಗಿ ಓದಿದರು. ಗೌತಮಿ ಒಬ್ಬಳೇ ಒಳಗೆ ಬಂದಿದ್ದಳು. ವಿಶ್ರುತ್ ಹೊರಗೆ ಬೆಂಚಿನ ಮೇಲಿದ್ದ.

"ಕುಡಿಯೋ ಅಭ್ಯಾಸ ಇದೆಯಾ? ಎಲ್ಲರನ್ನೂ ಕೇಳ್ತೀವಿ, ಬೇಜಾರಾಗ್ಬೇಡಿ."

"ಇಲ್ಲ ಮೇಡಂ."

"ತೂಕ ತುಂಬಾ ಬೇಗ ಇಳಿಸಿದೀರಿ. ಕೆಲವರಿಗೆ ಅದರಿಂದಲೂ ಲಿವರ್ ಸಂಖ್ಯೆ ಏರುತ್ತೆ. ತೂಕ ಇಳಿಸೋಕೆ ಮಾತ್ರೆ, ಪುಡಿ, ಸೊಪ್ಪಿನ ರಸ, ಕಷಾಯ... ಏನಾದ್ರೂ ತಗೋತಿದೀರಾ?"

ಕಷಾಯ!

ಗೌತಮಿಯ ನಾಲಿಗೆ ತುದಿಗೆ ಬಂತು. ಬಾಗಿಲ ಗಾಜಿನಾಚೆ ವಿಶ್ರುತ್‌ನ ತಲೆ ಕಾಣುತ್ತಿತ್ತು. 'ನಿಮ್ಮಮ್ಮನಿಂದ ನನಗೆ ಹೀಗಾಯ್ತು' ಎಂದು ಹೇಗೆ ಹೇಳುವುದು? ಆ ಮನೆಯಿಂದ ಮೊದಲ ಬಾರಿಗೆ ಬಂದದ್ದೇ ಅದು... ಅದಾಗಿರಲಾರದು. ಅದು ಔಷಧಿಯೇ ಅಲ್ಲವಲ್ಲ, ಮನೆಯದು!

"ಇಲ್ಲ," ಎಂದಳು.

ಡಾಕ್ಟರು ಕಾಮಾಲೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಏನೂ ಇರಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲೂ ದೊಡ್ಡ ತೊಂದರೆ ಕಾಣಲಿಲ್ಲ. ಉತ್ತರವಿಲ್ಲದ್ದು ಅವಳನ್ನು ಇನ್ನಷ್ಟು ಹೆದರಿಸಿತು. ರೋಗಕ್ಕೆ ಹೆಸರಿದ್ದರೆ ಬಯ್ಯಬಹುದಿತ್ತು, ಬೇಡಿಕೊಳ್ಳಬಹುದಿತ್ತು. ಹೆಸರೇ ಇಲ್ಲದ್ದರ ಜೊತೆ ಏನು ಮಾಡುವುದು?

ಸುದ್ದಿ ಒಂಟಿಕೊಪ್ಪಲಿಗೂ ಮುಟ್ಟಿತು.

ಮರುದಿನ ಫ್ಲಾಸ್ಕ್ ದೊಡ್ಡದಾಗಿತ್ತು!

"ಲಿವರ್‌ಗೆ ಅಮೃತಬಳ್ಳಿಗಿಂತ ಒಳ್ಳೇದಿಲ್ವಂತೆ," ಎಂದ ವಿಶ್ರುತ್, ಕಣ್ಣರಳಿಸಿ. "ಗಟ್ಟಿ ಮಾಡಿ ಕುದಿಸಿದಾರೆ. ಸಂಜೆಗೂ ಕಳಿಸ್ತಾರಂತೆ. ಗೌತಮಿ, ನಮ್ಮಮ್ಮ ಇಷ್ಟೊಂದು ಯಾರನ್ನೂ ಹಚ್ಚಿಕೊಂಡಿಲ್ಲ ಕಣೇ!"

ಅವಳು ಕುಡಿದಳು. ಹೆದರಿಕೊಂಡೇ ಕುಡಿದಳು. ಅನುಮಾನ ಗಂಟಲಲ್ಲಿತ್ತು, ಅದರ ಮೇಲೆ ಕಷಾಯ ಇಳಿಯುತ್ತಿತ್ತು.

ಮತ್ತೆ ಪರೀಕ್ಷೆಯಾಯಿತು. ಸಂಖ್ಯೆ ಎರಡರಷ್ಟಾಗಿತ್ತು.

"ಇದೇ ರೀತಿ ಏರಿದ್ರೆ ಸೂಜಿ ಹಾಕಿ ಲಿವರ್‌ನ ಒಂದು ಚೂರು ತೆಗೆದು ನೋಡ್ಬೇಕಾಗುತ್ತೆ," ಎಂದರು ಡಾಕ್ಟರು.

ಗೌತಮಿ ಹೊರಗೆ ಬಂದಳು. ಆಸ್ಪತ್ರೆಯ ಎದುರು ವಿಶ್ರುತ್ ಬೈಕಿಗೆ ಒರಗಿ ನಿಂತಿದ್ದ. ಹ್ಯಾಂಡಲ್‌ನಲ್ಲಿ ಸಂಜೆಯ ಫ್ಲಾಸ್ಕ್ ತೂಗುತ್ತಿತ್ತು. ಅದನ್ನು ನೋಡಿದ್ದೇ ತಡ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ತಗೊಂಡು ಹೋಗು ಅದನ್ನ."

"ಯಾಕೆ? ಏನಂದ್ರು ಡಾಕ್ಟ್ರು?"

"ನಿಮ್ಮನೇದು ಏನೂ ನಂಗೆ ಬೇಡ ವಿಶ್ರುತ್! ನಂಗೇನಾಗಿದೆ ಅಂತ ಗೊತ್ತಾಗೋವರೆಗೂ ಮದುವೆ ಮಾತೂ ಬೇಡ!"

ಅವನ ಮುಖ ಕಪ್ಪಿಟ್ಟಿತು. "ನಮ್ಮನೇದು ಬೇಡ್ವಾ? ಅಮ್ಮ ಒಪ್ಪಲಿ ಅಂತ ಎರಡು ವರ್ಷ ಕಾದ್ವಿ. ಈಗ ಅವರು ಒಪ್ಪಿದ ಮೇಲೆ ನಿನಗೇ ಬೇಡ್ವಾ?"

'ಹೇಳಿಬಿಡೇ... ಹೇಳಿಬಿಡು...' ಎಂದು ಅವಳ ಮನಸ್ಸು ಚೀರಿತು. ಬಾಯಿ ತೆರೆಯಲಿಲ್ಲ.

"ಸರಿ," ಎಂದ ಅವನು. ಬೈಕು ಹೊರಟುಹೋಯಿತು.

ಆಮೇಲೆ ಅವನ ಫೋನೂ ಬರಲಿಲ್ಲ. ಗೌತಮಿ ಮೊಬೈಲನ್ನು ದಿಂಬಿನ ಕೆಳಗಿಟ್ಟು, ಬಲಗಡೆಯ ಪಕ್ಕೆಲುಬಿನ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ಒಳಗೆ ಏನೋ ಕರಗುತ್ತಿರುವಂತೆ ಭಯವಾಗುತ್ತಿತ್ತು.

ಭಾನುವಾರ ಬೋಗಾದಿಯಲ್ಲಿದ್ದ ಗೌತಮಿಯ ಬಾಡಿಗೆ ಮನೆಯ ಮುಂದೆ ಆಟೋ ನಿಂತಿತು. ಪಕ್ಕದ ಸೈಟಿನ ಜಲ್ಲಿ ರಾಶಿಯನ್ನು ದಾಟಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು ಬಂದವರು ಚೂಡಾಮಣಿ! ಹಿಂದೆ ಮುಖ ಗಂಟಿಕ್ಕಿಕೊಂಡ ವಿಶ್ರುತ್.

ಪುಟ್ಟಬಸಮ್ಮ ಗಾಬರಿಯಿಂದ ಎದ್ದಳು. "ಬನ್ನಿ ಕನಮ್ಮ... ಕುಂತ್ಕಳಿ."

ಚೂಡಾಮಣಿ ಕುರ್ಚಿಯ ತುದಿಯಲ್ಲಿ ಕೂತರು. ಗೋಡೆಯ ಮೇಲಿನ ಬುದ್ಧನನ್ನು ನೋಡಿದರು. ಗೌತಮಿಯನ್ನು ನೋಡಿದರು.

"ನನ್ನ ಕೈಯದು ಬೇಡ ಅಂದ್ಯಂತಲ್ಲಮ್ಮ," ಎಂದರು. "ನಮ್ಮಮ್ಮ, ನಮ್ಮಜ್ಜಿ ಎಷ್ಟು ಜನಕ್ಕೆ ಜಾತಿ ನೋಡಿ ಹೀಗೆ ಬೇಡ ಅಂದಿದ್ರೋ. ನಾನೂ ಅಂದಿದೀನಿ. ಹಾಗಂದಾಗ ಎಲ್ಲಿ ಚುಚ್ಚುತ್ತೆ ಅಂತ ಈಗ ಗೊತ್ತಾಯ್ತು. ನಾನು ಹಾಗೆ ಮಾಡಿದ್ದಕ್ಕೆ ಸೇಡಾ ಇದು?"

ಗೌತಮಿ ಬೆಚ್ಚಿದಳು. ಹೀಗೂ ಅರ್ಥವಾಗಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ!

ಪುಟ್ಟಬಸಮ್ಮ ಒಳಗಿನಿಂದ ಟೀ ತಂದಿಟ್ಟಳು. "ನಮ್ಮನೆ ಲೋಟ ಕನಮ್ಮ. ನೋಡ್ಕಂಡು ಕುಡೀರಿ." ಮಾತಿನಲ್ಲಿ ಮೊನೆಯಿತ್ತು.

ಮೂವರ ಕಣ್ಣೂ ಆ ಲೋಟದ ಮೇಲೆ. ಚೂಡಾಮಣಿ ಎತ್ತಿಕೊಂಡರು. ಕುಡಿದರು. ಮುಖ ಕಿವುಚಿದರು.

"ಏನ್ರೀ ಇದು, ಪಾಯಸಾನಾ? ಇಷ್ಟು ಸಕ್ಕರೆ!"

"ಬಡವ್ರ ಮನೇಲಿ ನೆಂಟ್ರು ಬಂದ್ರೆ ಇಂಗೇ ಕನ್ರೀ!" ಎಂದಳು ಪುಟ್ಟಬಸಮ್ಮ. ಇಬ್ಬರ ತುಟಿಯಂಚಿನಲ್ಲೂ ನಗು ಇಣುಕಿತು.

ಆ ನಗು ಕಂಡದ್ದೇ ಗೌತಮಿಯ ದುಃಖದ ಕಟ್ಟೆ ಒಡೆಯಿತು.

"ಅಮ್ಮಾ, ನಿಮ್ಮ ಕೈಯದು ಅಂತ ಬೇಡ ಅನ್ಲಿಲ್ಲ! ನಿಮ್ಮ ಕೈಯದು ಅಂತಾನೇ ಕುಡಿದೆ. ಕಷಾಯ ಏನಾದ್ರೂ ತಗೋತೀರಾ ಅಂತ ಡಾಕ್ಟ್ರು ಕೇಳಿದ್ರು. ನಾನು... ಇಲ್ಲ ಅಂದ್ಬುಟ್ಟೆ. ಈಗ ಸೂಜಿ ಹಾಕಿ ನೋಡ್ಬೇಕಾಗುತ್ತೆ ಅಂತಿದಾರೆ."



"ಸುಳ್ಳು ಹೇಳಿದ್ಯಾ?" ವಿಶ್ರುತ್ ಪಿಸುಗುಟ್ಟಿದ. "ಸೂಜಿ ಹಾಕ್ತೀವಿ ಅಂದ್ಮೇಲೂ ಹೇಳ್ಲಿಲ್ವಾ?"

"ಹೇಗೆ ಹೇಳ್ಲಿ? ನಿಮ್ಮನೆಯಿಂದ ನಂಗೆ ಬಂದಿದ್ದೇ ಅದೊಂದು..." ಎಂದು ಅವಳು ಬಿಕ್ಕಿದಳು.

ಚೂಡಾಮಣಿಯ ಮುಖ ಬಿಳುಚಿತು. "ಅಂದ್ರೆ ನಾನು ವಿಷ ಕೊಟ್ಟೆ ಅಂತೀಯಾ? ಅದೇ ಬಳ್ಳೀದು ನಾನೂ ವರ್ಷಾನುಗಟ್ಟಲೆ ಕುಡೀತಿದೀನಿ. ನನಗೇನಾಗಿದೆ?"

"ನಂಗೊತ್ತಿಲ್ಲಮ್ಮ. ಅದಲ್ಲದೇನೂ ಇರಬಹುದು. ಹೆದರಿಕೆ ಆಯ್ತು, ಅಷ್ಟೇ..."

ಹೊರಗೆ ಕಾಂಕ್ರೀಟ್ ಯಂತ್ರ ಗಿರಗಿರ ತಿರುಗುತ್ತಿತ್ತು. ಕೊನೆಗೆ ಚೂಡಾಮಣಿ ಎದ್ದು ಬಂದು, ಅವಳ ಒಣಗಿದ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದರು.

"ಪೆದ್ದೀ! ನನ್ನ ಮನಸ್ಸು ನೋಯುತ್ತೆ ಅಂತ ನಿನ್ನ ಜೀವ ಸವೆಸ್ತೀಯೇನೇ? ನಾಳೆ ಡಾಕ್ಟ್ರ ಹತ್ರ ನಾನೂ ಬರ್ತೀನಿ. ಕುದಿಸಿದೋಳು ನಾನು, ನಾನೇ ಹೇಳ್ತೀನಿ."

ಹಾಗೆಯೇ ಹೇಳಿದರು ಕೂಡ! ಬಳ್ಳಿಯ ತುಂಡನ್ನು ಕಾಗದದಲ್ಲಿ ಸುತ್ತಿ ತಂದು ಡಾಕ್ಟರ ಮೇಜಿನ ಮೇಲಿಟ್ಟು, "ಇದೇ ನೋಡಿ. ಬಯ್ಯೋದಿದ್ರೆ ನನಗೇ ಬಯ್ಯಿ," ಎಂದರು.

ಡಾಕ್ಟರ್ ಲಹರಿ ಬಯ್ಯಲಿಲ್ಲ. ಗೌತಮಿಯನ್ನು ಮಾತ್ರ ದೀರ್ಘವಾಗಿ ನೋಡಿದರು.

"ಇದರಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿರೋದು ವರದಿಯಾಗಿದೆ. ಎಲ್ಲರಿಗೂ ಅಲ್ಲ. ಒಂದೇ ಬಳ್ಳಿ ಇಬ್ಬರ ಮೈಯಲ್ಲಿ ಒಂದೇ ಥರ ನಡ್ಕೊಳ್ಳಲ್ಲ. ಇದೇ ಕಾರಣ ಅಂತ ನಾನೀಗ ಹೇಳಲಾರೆ. ಪೂರ್ತಿ ನಿಲ್ಲಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮತ್ತೆ ಮತ್ತೆ ರಕ್ತ ನೋಡೋಣ. ಇಳಿಯದಿದ್ರೆ ಸೂಜಿ ತಪ್ಪಲ್ಲ."

ಆಮೇಲಿನ ವಾರಗಳು ಕಾಯುವಿಕೆಯಲ್ಲೇ ಕಳೆದವು. ಒಂಟಿಕೊಪ್ಪಲಿನಿಂದ ಈಗ ಅನ್ನ, ಸಾರು ಬರುತ್ತಿತ್ತು. ಬೋಗಾದಿಯಿಂದ ಮುದ್ದೆ, ಉಪ್ಸಾರು ಹೋಗುತ್ತಿತ್ತು. ಪ್ರತಿ ಸಲ ರಕ್ತ ಕೊಡುವಾಗಲೂ ಗೌತಮಿಗೆ ಅಪ್ಪನ ಹಳದಿ ಕಣ್ಣು ನೆನಪಾಗುತ್ತಿತ್ತು.

ಸಂಖ್ಯೆ ಇಳಿಯಿತು. ಮತ್ತೆ ಇಳಿಯಿತು. ಮೂರನೆಯ ಸಲ ನೂರರ ಹತ್ತಿರ ಬಂದು ನಿಂತಿತು. ಸರಿಯಾದ ಗಡಿಯೊಳಗೆ ಇನ್ನೂ ಬಂದಿರಲಿಲ್ಲ.

ಆ ವರದಿ ಹಿಡಿದು ಇಬ್ಬರೂ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ಹೊಳೆಯುತ್ತಿತ್ತು.

"ಅವತ್ತು ಕೇಳದೇ ಹೊರಟುಬಿಟ್ಟೆ. ನಿನ್ನ ಮುಖ ನೋಡಿದ್ರೆ ಗೊತ್ತಾಗ್ಬೇಕಿತ್ತು ನಂಗೆ. ತಪ್ಪಾಯ್ತು ಗೌತಮಿ," ಎಂದ ವಿಶ್ರುತ್.

"ನಾನೂ ಹೇಳ್ಲಿಲ್ವಲ್ಲ... ವಿಶ್ರುತ್, ಮತ್ತೆ ಏರಿದ್ರೆ?"

"ಮತ್ತೆ ಬರೋಣ."

"ಅಪ್ಪನ ಥರಾನೇ ಆದ್ರೆ? ಏನೂ ಗೊತ್ತಾಗದೇನೇ ಹೋದ್ರೆ? ಗೊತ್ತಾಗೋವರೆಗೂ ಮದುವೆ ಬೇಡ ಅಂದಿದ್ದೆ ನಾನು."

"ಅಂದಿದ್ದೆ. ಕಾಯ್ತೀನಿ ಕಣೇ. ಎಷ್ಟು ದಿನ ಆದ್ರೂ..."

ಗೌತಮಿ ವರದಿಯನ್ನು ಮಡಚಿದಳು. ಅವಳ ಬೆರಳುಗಳು ಈಗಲೂ ತಣ್ಣಗಿದ್ದವು. ಆ ತಣ್ಣನೆಯ ಬೆರಳುಗಳನ್ನೇ ಅವನ ಅಂಗೈಯೊಳಗೆ ತೂರಿಸಿದಳು.

"ಕಾಯ್ಬೇಡ."

"ಅಂದ್ರೆ?"

"ಉತ್ತರ ಬರೋವರೆಗೂ ಒಬ್ಬಳೇ ಹೆದರ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ ವಿಶ್ರುತ್. ಮದುವೆ ಮಾಡ್ಕೊ ನನ್ನ."

ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ನಂಗೂ ಭಯ ಆಗ್ತಿದೆ ಕಣೇ..."

"ಗೊತ್ತು. ನಿನ್ನ ಕೈ ನನ್ನದಕ್ಕಿಂತ ತಣ್ಣಗಿದೆ!" ಎಂದು ಅವಳು ನಕ್ಕಳು. ಎಷ್ಟೋ ತಿಂಗಳ ನಂತರದ ನಗು.

ಅವರ ಮದುವೆ ಆಯಿತು. ಗೌತಮಿ ಈಗಲೂ ರಕ್ತ ಪರೀಕ್ಷೆಗೆ ಹೋಗುತ್ತಾಳೆ. ಕಷಾಯದಿಂದಲೇ ಹಾಗಾಯಿತೋ, ಹಸಿದು ಹಸಿದು ತೂಕ ಇಳಿಸಿದ್ದಕ್ಕೋ, ಅಪ್ಪನಿಂದ ಬಂದದ್ದೇನಾದರೂ ಇತ್ತೋ... ಡಾಕ್ಟರು ಖಚಿತವಾಗಿ ಹೇಳಿಲ್ಲ. ಮಂಟಯ್ಯನಿಗೆ ಏನಾಗಿತ್ತೆಂದೂ ಯಾರಿಗೂ ತಿಳಿದಿಲ್ಲ. ನನಗೂ ಗೊತ್ತಿಲ್ಲ.