ಬಿದ್ದ ಮಠದಲ್ಲಿ ಚೆನ್ನಿಯ ಬಯಕೆ ಊಟ

ಕಾಗೆಗಳು ಇನ್ನೂ ಕೊಕ್ಕರೆಯಷ್ಟು ಬೆಳ್ಳಗಿದ್ದ ಕಾಲ. ಹೊನ್ನಮರಡಿ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಸೋಮಲಿಂಗ ಅಂತ ಒಬ್ಬ ಗಾಣಿಗರ ಹುಡುಗ. ಮೈಯಲ್ಲಿ ಎಂಥ ಬಲ ಅಂದರೆ, ಗಾಣದ ಎತ್ತು ಸುಸ್ತಾದರೆ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ತಾನೇ ಗಾಣ ತಿರುಗಿಸುತ್ತಿದ್ದ. ದನಿ ಮಾತ್ರ ಸೊಳ್ಳೆಯದು. ಅವನು ಕೂಗಿದರೆ ಹೆಗಲ ಮೇಲಿದ್ದ ಎತ್ತಿಗೂ ಕೇಳುತ್ತಿರಲಿಲ್ಲ.

ಅವನ ಅಕ್ಕ ಚೆನ್ನಿ ತುಂಬಿದ ಬಸುರಿ, ತವರಿಗೆ ಬಂದಿದ್ದಳು. ಒಂದು ಬೆಳಗ್ಗೆ ಎದ್ದವಳೇ, "ಅಜ್ಜಿ, ನನಗೆ ಬಯಕೆ ಆಗಿದೆ" ಅಂದಳು.

"ಏನು ಬೇಕವ್ವಾ? ಮಾವಿನಕಾಯಾ, ಹುಣಸೆ ಚಿಗುರಾ?"

"ಗುಡ್ಡದ ಮೇಲಿನ ಬಿದ್ದ ಮಠ ಇದೆಯಲ್ಲ, ಅಲ್ಲಿ ಕೂತು ಮೊಸರನ್ನ ಉಣ್ಣಬೇಕು."

ಬಸುರಿಯ ಬಯಕೆಗೆ ರಾಜನೂ ಇಲ್ಲ ಅನ್ನುವ ಹಾಗಿಲ್ಲ. ಈರಜ್ಜಿ ಒಲೆ ಹಚ್ಚಿದಳು. ಆಳೆತ್ತರ ರೊಟ್ಟಿ ಬಡಿದಳು, ಬುಟ್ಟಿ ತುಂಬ ಹೋಳಿಗೆ ಸುಟ್ಟಳು, ಪುಟ್ಟ ಕುಡಿಕೆಯಲ್ಲಿ ಮೊಸರನ್ನ ಕಲಸಿ ಮೇಲೊಂದು ಮಾವಿನ ಉಪ್ಪಿನಕಾಯಿ ಹೋಳು ಇಟ್ಟಳು. ಚೆನ್ನಿಯ ಗಂಡ ಮುದ್ದಪ್ಪ ಹೋಳಿಗೆ ಬುಟ್ಟಿಯ ಪಕ್ಕದಿಂದ ಅಲ್ಲಾಡಲೇ ಇಲ್ಲ. ಊಟ ಅಂದರೆ ಅವನಿಗೆ ಜೀವ. ಪಲ್ಯದ ವಾಸನೆ ಹಿಡಿದು ಮೂರೂರು ದಾಟಿ ಬರುವಂಥ ಆಸಾಮಿ.

ಬುಟ್ಟಿಗಳೆಲ್ಲ ಸೋಮಲಿಂಗನ ತಲೆ ಮೇಲೆ. ನಾಲ್ವರೂ ಗುಡ್ಡ ಹತ್ತಿದರು. ಅಜ್ಜಿ ದಾರಿಯುದ್ದಕ್ಕೂ ಹೇಳುತ್ತಾ ಬಂದಳು:

"ಈ ಮಠ ನಡೀತಿದ್ದಾಗ ಇಲ್ಲಿ ಬಸಿದ ಗಂಜಿ ಹೊಳೆಯಾಗಿ ಹರಿದು, ಕೆಳಗಿನೂರಲ್ಲಿ ಎಮ್ಮೆ ಈಜ್ತಿದ್ದವು. ಉರಿಗಣ್ಣ ಅನ್ನೋ ಮಾಯಕಾರ ಬಂದು ಒಲೆ ಆರಿಸಿದ, ಸ್ವಾಮಿಗಳನ್ನ ಕಲ್ಲು ಮಾಡಿದ, ಚಾವಣಿ ಕೆಡವಿದ. ಆದರೂ ಇಲ್ಲಿನ ಪದ್ಧತಿ ಬಿದ್ದಿಲ್ಲ ನೋಡಿ. ಬುಟ್ಟಿ ಹೊತ್ತವನು ಬಾಗಿಲಲ್ಲಿ ನಿಂತು 'ಹಸಿದವರು ಯಾರಿದ್ದೀರಿ, ಉಣ್ಣೋಕೆ ಬನ್ನಿ' ಅಂತ ಕರೆಯಬೇಕು. ಆಮೇಲೇ ಊಟ."

ಮಠ ತಲುಪಿದರು. ಹೆಬ್ಬಾಗಿಲ ಜಗಲಿಯ ಮೇಲೆ ಸೋಮಲಿಂಗ ಬುಟ್ಟಿ ಇಳಿಸಿದ. ಕರೆಯೋಣ ಅಂತ ಬಾಯಿ ತೆರೆದ, ನಾಚಿಕೆಯಾಯಿತು, ಮುಚ್ಚಿದ.

"ಯಾರನ್ನ ಕರೀತೀಯೋ ಭಾಮೈದ?" ಮುದ್ದಪ್ಪ ನಕ್ಕ. "ಇಲ್ಲಿರೋದು ಹಲ್ಲಿ, ಬಾವಲಿ. ಹಲ್ಲಿ ಹೋಳಿಗೆ ತಿನ್ನುತ್ತಾ?" ಅಂದವನೇ ಒಂದು ಹೋಳಿಗೆ ಮಡಚಿ ಬಾಯಿಗಿಟ್ಟ.

ನುಂಗುವುದರೊಳಗೆ ಅವನ ಮುಖ ಬದಲಾಯಿತು. "ಯಾಕೋ ಕಾಲು ಜೋಮು ಹಿಡಿದಿದೆ ಕಣೇ."

ಚೆನ್ನಿ ಬಗ್ಗಿ ಗಂಡನ ಪಾದ ತಟ್ಟಿದಳು. ಠಣ್ ಅಂತು. ಕಲ್ಲು!

ಮಠದ ಒಳಗಿಂದ ಗಹಗಹಿಸಿ ನಗೆ ಕೇಳಿತು. "ಕರೆಯದೆ ಉಂಡವನು ಹೊತ್ತು ಮುಳುಗೋದರೊಳಗೆ ನೆತ್ತಿವರೆಗೂ ಕಲ್ಲು! ನನ್ನ ಅಡುಗೆಮನೆಯಲ್ಲಿ ಸ್ವಾಮಿಗಳ ಸಾಲಿಗೆ ಇನ್ನೊಂದು ಕಂಬ!"

ಚೆನ್ನಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. "ಅಜ್ಜಿ, ನನ್ನ ಮಗು ಅಪ್ಪಾ ಅಂತ ಕಂಬ ತಬ್ಬಿಕೊಳ್ಳಬೇಕಾ?"

"ಅಳಬೇಡ, ದಾರಿ ಇದೆ" ಅಂದಳು ಅಜ್ಜಿ. "ಸೋಮಾ, ಮೂರು ಬಾಗಿಲಲ್ಲೂ ನಿಂತು ಕರಿ. ಯಾರೇ ಬಂದರೂ ಬಡಿಸು. ಮೂರನೆಯದು ಅಡುಗೆಮನೆ, ಅಲ್ಲಿರೋನು ಉರಿಗಣ್ಣ. ಇಲ್ಲಿ ಬಡಿಸಿದ ಉಪ್ಪು ತಿಂದವನಿಗೆ ಈ ಮಠಕ್ಕೆ ಎರಡು ಬಗೆಯೋಕಾಗಲ್ಲ. ಅದಕ್ಕೇ ಆ ಮಾಯಕಾರ ಇವತ್ತಿನವರೆಗೂ ಇಲ್ಲಿ ಒಂದು ಅಗುಳೂ ಮುಟ್ಟಿಲ್ಲ. ಅವನು ತಿಂದರೆ ಮಾಯೆ ಮುಗೀತು."

ಸೋಮಲಿಂಗ ಹೆಬ್ಬಾಗಿಲಲ್ಲಿ ನಿಂತ. "ಹಸಿದವರು ಯಾರಿದ್ದೀರಿ..." ಸೊಳ್ಳೆ ಗುಂಯ್ ಅಂದಂತೆ ಇತ್ತು. ಆದರೂ ಬಾಗಿಲ ಪಕ್ಕದ ಕಲ್ಲಾನೆಗೆ ಕೇಳಿಸಿತು. ಅದರ ಕಿವಿ ಮೊರದಷ್ಟಲ್ಲ, ಕಣದಷ್ಟಿತ್ತು! ಕಿವಿ ಕೊಡವಿದರೆ ಧೂಳೆದ್ದು ಸೂರ್ಯ ಸೀನಿದ.

"ಮಠ ಬಿದ್ದಾಗಿಂದ ನಾನು ಹಸಿದಿದ್ದೀನಿ" ಅಂತು ಆನೆ. "ಬಡಿಸದಿದ್ದರೆ ತುಳೀತೀನಿ."

ಸೋಮಲಿಂಗ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಓಡಲಿಲ್ಲ, ರೊಟ್ಟಿ ಬಡಿಸಿದ. ಆಳೆತ್ತರದ ರೊಟ್ಟಿ ಸೊಂಡಿಲೊಳಗೆ ಮಾಯ. ಆನೆ ತೇಗಿ, "ಉಂಡವನು ಸುಮ್ಮನೆ ಹೋಗ್ತಾನಾ? ಏನು ಹೊರಬೇಕು ಹೇಳು" ಅಂತು.

"ನಮ್ಮ ಭಾವನನ್ನ."

ಆನೆ ಮುದ್ದಪ್ಪನನ್ನು ಎತ್ತಿಕೊಂಡಿತು. ಅಷ್ಟರಲ್ಲಿ ಅವನು ಸೊಂಟದವರೆಗೂ ಕಲ್ಲು.

ಎರಡನೇ ಬಾಗಿಲ ಮುಂದೆ ತಳ ಕಾಣದ ಹೊಂಡ. ಸೋಮಲಿಂಗ ಕೂಗಿದ, "ಹಸಿದವರು ಯಾರಿದ್ದೀರಿ!" ಈ ಸಲ ಕುರಿಮರಿಯ ದನಿ ಬಂತು. ಹೊಂಡದಿಂದ ಕಬ್ಬಿಣದ ಮೊಸಳೆ ಎದ್ದಿತು. ಬಾಯಿ ತೆರೆದರೆ ಒಳಗೊಂದು ಊರು ಕಟ್ಟಬಹುದಿತ್ತು. "ಸಿಹಿ ತಿಂದು ಯುಗವಾಯ್ತು" ಅಂತ ಹಲ್ಲು ಕಡಿಯಿತು.

ಸೋಮಲಿಂಗ ಹೋಳಿಗೆ ಬುಟ್ಟಿಯನ್ನೇ ಅದರ ಬಾಯಿಗೆ ಸುರಿದ.

"ಅಯ್ಯೋ, ಅಷ್ಟನ್ನೂ ಹಾಕಬೇಡ್ವೋ!" ಆನೆಯ ಮೇಲಿಂದ ಮುದ್ದಪ್ಪ ಗೋಳಾಡಿದ. ಕಾಲು ಕಲ್ಲಾದಾಗಲೂ ಅವನು ಅಷ್ಟು ಅತ್ತಿರಲಿಲ್ಲ.

"ನಿಮ್ಮ ಬಾಯಿಂದಲೇ ಇಷ್ಟೆಲ್ಲ ಆದದ್ದು, ಅಳಿಯದೇವರೇ" ಅಂದಳು ಅಜ್ಜಿ.

ಮೊಸಳೆ ಹೊಂಡಕ್ಕೆ ಅಡ್ಡ ಮಲಗಿ ಸೇತುವೆಯಾಯಿತು. ಎಲ್ಲರೂ ಅದರ ಬೆನ್ನ ಮೇಲೆ ದಾಟಿದರು, ಆನೆ ಕೂಡ.

ಅಡುಗೆಮನೆಗೆ ಬಂದಾಗ ಮುದ್ದಪ್ಪನಿಗೆ ತಲೆಯೊಂದು ಉಳಿದಿತ್ತು. ಒಳಗೆ ಕಲ್ಲಾದ ಸ್ವಾಮಿಗಳು ಸಾಲಾಗಿ ನಿಂತಿದ್ದರು, ತಣ್ಣಗಾದ ಒಲೆಯ ಮೇಲೆ ಉರಿಗಣ್ಣ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಗೋಡೆಯ ಬಿರುಕಿನಿಂದ ಬಂದ ಬಿಸಿಲು ಕೆಂಪಗಾಗಿತ್ತು. ಅದನ್ನು ನೋಡಿ ಸೋಮಲಿಂಗನಿಗೆ ನಾಚಿಕೆ, ಹೆದರಿಕೆ ಎರಡೂ ಮರೆತುಹೋದವು. ಎದೆ ತುಂಬ ಉಸಿರೆಳೆದು ಕೂಗಿದ:

"ಹಸಿದವರು ಯಾರಿದ್ದೀರಿ! ಉಣ್ಣೋಕೆ ಬನ್ನಿ!"

ಏಳು ಗುಡ್ಡ ಆ ಮಾತನ್ನೇ ತಿರುಗಿ ಹೇಳಿದವು. ಕೆಳಗಿನೂರಲ್ಲಿ ಗಾಣದ ಎತ್ತು ಮೊದಲ ಸಲ ಒಡೆಯನ ದನಿ ಕೇಳಿ ಎದ್ದು ನಿಂತಿತು.

"ನನಗೆ ಹಸಿವಿಲ್ಲ" ಅಂದ ಉರಿಗಣ್ಣ. "ನಾನೇನು ಪೆದ್ದನಾ? ಹೊತ್ತು ಮುಳುಗಲಿ, ನೋಡ್ತಾ ಕೂತಿರ್ತೀನಿ." ಅಂದು ತುಟಿ ಬಿಗಿದ.

ಉಳಿದಿದ್ದದ್ದು ಚೆನ್ನಿಯ ಮೊಸರನ್ನದ ಕುಡಿಕೆ. ಚೆನ್ನಿ ತಾನೇ ಅದನ್ನು ಬಿಚ್ಚಿ ಮಾಯಕಾರನ ಮುಂದೆ ಕೂತಳು. ಒಗ್ಗರಣೆಯ ವಾಸನೆ ಎದ್ದಿತು. ಸಾಯುವ ಹೊತ್ತಲ್ಲೂ ಮುದ್ದಪ್ಪನ ಮೂಗು ಅರಳಿತು.

"ಚೆನ್ನೀ, ಕೆನೆ ಮೊಸರಾ?"

"ಹೂಂ."

"ಮೆಣಸಿನಕಾಯಿ ಕರಿದು ಹಾಕಿದ್ದೀರಾ? ಹಲ್ಲಿಗೆ ಸಿಕ್ಕರೆ ಕಟುಂ ಅನ್ನಬೇಕು. ಅನ್ನ ಬೆಣ್ಣೆಯಂಗೆ ಗಂಟಲಲ್ಲಿ ಜಾರಬೇಕು. ಜಾರೋ ಹೊತ್ತಿಗೆ ಉಪ್ಪಿನಕಾಯಿ ನೆಕ್ಕಬೇಕು, ಕಿವಿ ಹಿಂದೆ ಜುಂ ಅನ್ನುತ್ತೆ ನೋಡು, ಕಣ್ಣು ತಾನಾಗೇ ಮುಚ್ಚುತ್ತೆ..."

ಉರಿಗಣ್ಣನ ಗಂಟಲು ಏರಿ ಇಳಿಯಿತು. ಎಷ್ಟೋ ತಲೆಮಾರಿನ ಹಸಿವು!

"...ಕೊನೇ ತುತ್ತು ಇರುತ್ತಲ್ಲ, ಅದನ್ನ ಕುಡಿಕೆ ತಳದಿಂದ ಬೆರಳಲ್ಲಿ ಬಳಿದು..."

ಮಾಯಕಾರನ ತುಟಿ ಸಡಿಲಾಯಿತು. ಬಾಯಿಂದ ನೀರು ಸುರಿದು ಎದೆ ತೊಯ್ದಿತು. ನಾಲಿಗೆ ಅವನ ಮಾತು ಕೇಳದೆ ಹೊರಗೆ ಬಂತು. ಚೆನ್ನಿ ಕಾಯುತ್ತಲೇ ಇದ್ದಳು, ತುತ್ತನ್ನು ಒಳಗೆ ತುರುಕಿದಳು!

ಉರಿಗಣ್ಣ ಉಗಿಯಬೇಕೆಂದುಕೊಂಡ. ಆಗಲಿಲ್ಲ. ಅಷ್ಟು ರುಚಿ! ಕಣ್ಣು ಮುಚ್ಚಿ ನುಂಗಿದ. ನುಂಗಿದ್ದೇ ತಡ, ಅವನ ಕಣ್ಣಿನ ಬೆಂಕಿ ಹಾರಿ ಒಲೆಗೆ ಬಿತ್ತು, ಒಲೆ ಧಗ್ ಅಂತ ಹೊತ್ತಿಕೊಂಡಿತು. ಕೂತಲ್ಲಿ ಉಳಿದದ್ದು ಒಬ್ಬ ಬಡಕಲು ಮುದುಕ. "ಉಪ್ಪು ತಿಂದೆ" ಅಂತ ಬಿಕ್ಕಿದ. "ಇನ್ನು ಈ ಮಠದ ಆಳು ನಾನು. ಸ್ವಲ್ಪ... ಇನ್ನೊಂದು ತುತ್ತು ಇದೆಯೇನವ್ವಾ?"

ಕಲ್ಲು ಸ್ವಾಮಿಗಳು ಮೈ ಮುರಿದು ಆಕಳಿಸಿದರು. ಕಂಬಗಳು ತಾವೇ ಎದ್ದು ಚಾವಣಿ ಹೊತ್ತವು. ಆನೆಯ ಮೇಲಿಂದ ಮುದ್ದಪ್ಪ ಧುಪ್ಪನೆ ಬಿದ್ದ.

"ಅಯ್ಯೋ, ಸೊಂಟ!"

"ನೋವಾಯ್ತಾ?" ಚೆನ್ನಿ ಓಡಿಬಂದಳು.

"ಆಯ್ತು ಕಣೇ."

"ಅಬ್ಬಾ, ನೋವಾಗೋದು ಮಾಂಸಕ್ಕೇ, ಕಲ್ಲಿಗಲ್ಲ!" ಅಂತ ಅವಳು ನಕ್ಕಳು, ಅತ್ತಳು, ಅವನ ಕಾಲು ತಟ್ಟಿ ತಟ್ಟಿ ನೋಡಿದಳು. ಸೋಮಲಿಂಗ ಹಣೆಯ ಬೆವರು ಒರೆಸಿಕೊಂಡು ನೆಲದ ಮೇಲೆ ಕೂತ. ಅವನ ಎದೆಯ ಮೇಲಿಂದ ಗಾಣದ ಕಲ್ಲೊಂದು ಇಳಿದ ಹಾಗಾಗಿತ್ತು. ಅಜ್ಜಿ ಕುಡಿಕೆಯ ತಳ ಬಳಿದು ಚೆನ್ನಿಯ ಬಾಯಿಗಿಟ್ಟಳು.

"ಒಂದೇ ತುತ್ತಾಯ್ತಲ್ಲವ್ವಾ."

"ಸಾಕಜ್ಜಿ. ಮಠದಲ್ಲಿ ಕೂತು ಉಣ್ಣಬೇಕು ಅಂದಿದ್ದೆ. ಎಷ್ಟು ಅಂತ ಹೇಳಿರಲಿಲ್ಲ."

ಚೆನ್ನಿ ಗಂಡು ಹೆತ್ತಳು, ಅಪ್ಪನಷ್ಟೇ ಹೊಟ್ಟೆಬಾಕ. ಮಠದ ಗಂಜಿಯ ಹೊಳೆಯಲ್ಲಿ ಎಮ್ಮೆಗಳು ಮತ್ತೆ ಈಜಿದವು. ಮುದುಕ ಉರಿಗಣ್ಣ ಅನ್ನ ಬೇಯಿಸಿದ, ಸೋಮಲಿಂಗ ಗುಡ್ಡದ ಮೇಲೆ ನಿಂತು ಊಟಕ್ಕೆ ಕರೆದ, ರಾಜ್ಯದಲ್ಲಿ ಯಾರೂ ಹಸಿದು ಮಲಗಲಿಲ್ಲ. ಅಷ್ಟು ಕಾಲದ ಮೇಲೆ ಹೊತ್ತಿದ ಒಲೆ ನೋಡಿ, ಆ ದಿನ ಎಂಥ ಹೊಗೆ ಎದ್ದಿತು! ಸೋಮಲಿಂಗನ ಆ ದೊಡ್ಡ ಕರೆಗೇ ಮಠದ ಗೋಡೆ ಮೇಲೆ ಬಂದು ಕೂತಿದ್ದ ಬಿಳಿ ಕಾಗೆಗಳೆಲ್ಲ ಹೊಗೆ ಕುಡಿದು ಕಪ್ಪಾದವು. ಆದರೂ ಊಟ ಬಿಟ್ಟು ಒಂದೂ ಏಳಲಿಲ್ಲ.