ಹಿಮ್ಮೇಳ ಏಳದ ಸೋಮವಾರ

ಸಿದ್ದಲಿಂಗವ್ವ ಹುಣಸೆಹಣ್ಣಿಗೆ ಇನ್ನಷ್ಟು ಬೂದಿ ಹಚ್ಚಿ ತಾಳದ ಒಳಮೈ ತಿಕ್ಕಿದಳು. ಒಂದು ಬಟ್ಟಲು ಬಂಗಾರದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಬಾಕಿ ಇತ್ತು.

“ಎಷ್ಟ ತಿಕ್ಕತೀಯವ್ವಾ, ಸವದ ಹೋದೀತು!” ರೊಟ್ಟಿ ಬಡಿಯುತ್ತಲೇ ಅವ್ವ ರುಕ್ಮವ್ವ ನಕ್ಕಳು.

“ಸವೀಲಿ ಬಿಡು. ಬಾರ್ಸಾಕಿ ನಾನಲ್ಲಲ್ಲ.”

ಹೋದ ಶ್ರಾವಣದಲ್ಲಿ ಬಾರಿಸುವವಳು ಅವಳೇ ಆಗಿದ್ದಳು. ತಾಳದ ದಾರದ ಗಂಟು ಇನ್ನೂ ಅವಳ ಬೆರಳಿನ ಅಳತೆಗೇ ಇತ್ತು. ಅದನ್ನು ಸಡಿಲಿಸಬಹುದಿತ್ತು. ಬೇಕೆಂದೇ ಸಡಿಲಿಸಿರಲಿಲ್ಲ.

ಉಟಗಿ ಊರಿನ ಸಾಲೆಯ ಪ್ರಾರ್ಥನೆ ಕೋಣೆಯಲ್ಲಿ ಸೋಮವಾರ ಸಂಜೆ ಭಜನೆ. ಬಸಗೊಂಡ ಗುರುಜಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದರು. ಒಬ್ಬರು ತಾಳ ಹಿಡಿದು ಮುಂದೆ ನಿಂತು ಒಂದು ಸಾಲು ಹಾಡಬೇಕು. ಹಿಂದೆ ಕುಳಿತ ಮಕ್ಕಳೆಲ್ಲ ಅದನ್ನೇ ಎತ್ತಿ ಹಾಡಬೇಕು. ಅದೇ ಹಿಮ್ಮೇಳ. ಮುಂದಿನ ಜಾಗ ಸಿದ್ದಲಿಂಗವ್ವನದೇ ಆಗಿತ್ತು.

ದೀಪಾವಳಿ ಆದಮೇಲೆ ಹಾಲವ್ವ ಬಂದಳು. ಅವಳ ಅಪ್ಪ ಬೀರದೇವ ಕುರಿ ಹೊಡೆದುಕೊಂಡು ದೂರ ಹೋಗುವಾಗ ಅವಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದ. ಮೊದಲ ಸೋಮವಾರವೇ ಹಿಮ್ಮೇಳದ ನಡುವಿನಿಂದ ಅವಳ ದನಿ ಮೇಲೆದ್ದಿತು. ಪೇಟಿಯ ಮೇಲೆ ಗುರುಜಿಯ ಬೆರಳು ನಿಂತೇಬಿಟ್ಟವು.

ಶಿವರಾತ್ರಿಗೆ ತಾಳ ಹಾಲವ್ವನ ಕೈಗೆ ಹೋಯಿತು.

“ಸಿದ್ದಲಿಂಗವ್ವಾ, ನೀ ಹಿಮ್ಮೇಳ ಎತ್ತು. ನೀ ಎತ್ತಿದ್ರ ಎಲ್ಲಾರೂ ಎತ್ತತಾರ,” ಎಂದರು ಗುರುಜಿ. “ತಾಳ ತಿಕ್ಕೂದೂ ನಿನಗ ಇರಲಿ. ನಿನ್ನಂಗ ಯಾರೂ ತಿಕ್ಕಂಗಿಲ್ಲ.”

ಬಸವ ಜಯಂತಿಗೂ ಹಾಲವ್ವನೇ ಮುಂದೆ. ತಾನು ತಿಕ್ಕಿದ ತಾಳ ಅವಳ ಕೈಯಲ್ಲಿ ಹೊಳೆದಾಗೆಲ್ಲ ಸಿದ್ದಲಿಂಗವ್ವನಿಗೆ ಹಸಿಮೆಣಸಿನಕಾಯಿ ನುಂಗಿದ ಹಾಗೆ ಹೊಟ್ಟೆ ಉರಿಯುತ್ತಿತ್ತು.

“ಆ ಕುರಿ ಕಾಯಾಕೀಗೆ ನೆಟ್ಟಗ ಓದಾಕ ಬರೂದಿಲ್ಲ,” ಎಂದು ಗೆಳತಿ ಕಾಳವ್ವನಿಗೆ ಹೇಳಿ ನೋಡಿದಳು.

“ಹಾಡಾಕ ಬರತೈತಲ್ಲ!” ಎಂದಳು ಕಾಳವ್ವ.

ಇವತ್ತು ಶ್ರಾವಣದ ಕೊನೆಯ ಸೋಮವಾರ. ಸಂಜೆ ಗ್ಯಾಸಬತ್ತಿ ತೂಗುಹಾಕಿದರು. ಊರವರೆಲ್ಲ ಬಂದು ಕುಳಿತರು. ಅವ್ವನೂ ಬಂದಿದ್ದಳು. ಹಾಲವ್ವ ತಾಳ ತಟ್ಟಿ ಹಾಡಿದಳು.

“ಬಾರಯ್ಯ ಶಂಕರ, ಬಾಗಿಲಲಿ ದೀಪ ಐತಿ...”

ಸಿದ್ದಲಿಂಗವ್ವ ತುಟಿ ಬಿಗಿದು ಕುಳಿತಳು.

ಮಕ್ಕಳೆಲ್ಲ ಅವಳ ಮುಖ ನೋಡಿದರು. ಯಾರೂ ಎತ್ತಲಿಲ್ಲ. ಪೇಟಿಯೊಂದೇ ಗುಂಯ್ ಅನ್ನುತ್ತಿತ್ತು.

ಹಾಲವ್ವ ಅದೇ ಸಾಲನ್ನು ಮತ್ತೆ ಹಾಡಿದಳು. ಉತ್ತರವಿಲ್ಲ. ಇನ್ನೂ ಗಟ್ಟಿಯಾಗಿ ಮತ್ತೆ ಅದನ್ನೇ.

“ಏ ಹುಡಿಗಿ, ಶಂಕರ ಬಂದು ಕುಂತಾನ. ಮುಂದ ಹೋಗವಾ!” ಎಂದ ಹಿಂದಿನ ಸಾಲಿನ ಲಗಮಣ್ಣ ಕಾಕಾ. ಎಲ್ಲರೂ ಗೊಳ್ಳೆಂದು ನಕ್ಕರು.

ಹಾಲವ್ವ ಮುಂದೆ ಹೋಗಲಿಲ್ಲ. ಅವಳ ಕಣ್ಣು ಸಿದ್ದಲಿಂಗವ್ವನ ಮೇಲೇ ಇತ್ತು. ಮತ್ತೆ ಅದೇ ಸಾಲು. ಕಡೆಗೆ ಗುರುಜಿಯೇ ಸಾಲು ಎತ್ತಿದರು, ಮಕ್ಕಳು ಕೂಡಿಕೊಂಡರು. ಹಾಡು ಹೇಗೋ ಮುಗಿಯಿತು.

ಹೊರಗೆ ಹಾಲವ್ವ ಓಡಿ ಬಂದು ತಾಳ ಕೊಟ್ಟಳು. ಜಗಳಕ್ಕೇ ಬಂದಳೆಂದು ಸಿದ್ದಲಿಂಗವ್ವ ಗಟ್ಟಿಯಾಗಿ ನಿಂತಳು.

“ಆರಾಮ ಅದಿಯಿಲ್ಲ?” ಎಂದಳು ಹಾಲವ್ವ. “ನಿನ್ನ ದನೀನ ಬರಲಿಲ್ಲ. ನನ್ನ ಎದಿ ಧಸಕ್ಕಂತು.”

“ಅದಕ್ಕ ಒಂದ ಸಾಲ ಹಾಡಕೋಂತ ನಿಂತೀಯೇನು? ಎಲ್ಲಾರೂ ನಕ್ರು.”

“ನಗಲಿ. ಕುರಿ ಮೇಸೂವಾಗ ಆ ಕಡಿಯಾವರು ಓ ಅನ್ನೂತನಕಾ ನಾವು ಕೂಗತೀವಿ. ಓ ಅನ್ನಲಿಲ್ಲಂದ್ರ ಅವರಿಗೇನೋ ಆಗೇತಿ ಅಂತ. ಬಿಟ್ಟು ಹೆಂಗ ಮುಂದ ಹೋಗೂದು?”

ಸಿದ್ದಲಿಂಗವ್ವ ತಲೆ ತಗ್ಗಿಸಿದಳು. ಹಾಲವ್ವನ ಬೆರಳಿನ ಸುತ್ತ ದಾರ ಕೊರೆದ ಕೆಂಪು ಗೆರೆ ಕಂಡಿತು.

“ಗಂಟಲಾ... ಕಟ್ಟಿತ್ತು,” ಎಂದಳು.

“ಅಜ್ಜಿ ಹಂತ್ಯಾಕ ಜ್ಯೇಷ್ಠಮಧು ಐತಿ. ನಾಳಿ ತರತೀನಿ,” ಎಂದು ಹಾಲವ್ವ ಓಡಿದಳು.

ಮನೆಯಲ್ಲಿ ಅವ್ವ ಕೇಳಿದಳು, “ಯಾಕ ಹಾಡಲಿಲ್ಲ ಇವತ್ತ?”

ಸಿದ್ದಲಿಂಗವ್ವ ತಾಳ ಕೈಗೆತ್ತಿಕೊಂಡಳು. ದೀಪದ ಹತ್ತಿರ ಕುಳಿತು ತಾಳದ ದಾರದ ಗಂಟಿಗೆ ಉಗುರು ಹಾಕಿದಳು. ಒಂದು ವರ್ಷದ ಗಂಟು, ಬೇಗ ಬಿಚ್ಚಲಿಲ್ಲ. ಕಡೆಗೆ ಬಿಚ್ಚಿತು. ತನ್ನ ಬೆರಳಿಗಿಂತ ಒಂದಿಷ್ಟು ದೊಡ್ಡದಾಗಿ ಅದನ್ನು ಮತ್ತೆ ಕಟ್ಟಿದಳು.

ಆಮೇಲೆ, ಅವ್ವನಿಗೂ ಕೇಳದಷ್ಟು ಮೆಲ್ಲಗೆ, “ಓ” ಎಂದಳು.